ಸವದತ್ತಿ ಬರೂತನಕ ಮಾತಾಡಬ್ಯಾಡ

ಬಸ್ಸಿನ ಬಾನೆಟ್ಟಿನ ಮೇಲೆ ಕೂತವರ ಬಾಯಿಗೆ ಬೀಗ ಹಾಕುವ ಕಾನೂನನ್ನು ಯಾವ ಸರಕಾರವೂ ತರಲಿಲ್ಲ. ತೊಂಬತ್ತರ ದಶಕದಲ್ಲಿ ನಾನು ರಾಮದುರ್ಗ–ಸವದತ್ತಿ ಬಸ್ಸು ಹೊಡೆಯುತ್ತಿದ್ದಾಗ ಡ್ರೈವರನ ಮಗ್ಗುಲಿನ ಆ ಬಿಸಿ ತಗಡೇ ಊರ ಕಟ್ಟೆ. ತೊರಗಲ್ಲಿನಲ್ಲಿ ಹತ್ತಿದವರು ಹೊಲದ ಜಗಳ ಬಿಚ್ಚುತ್ತಿದ್ದರು. ಒಬ್ಬರು ಎಲೆಗೆ ಸುಣ್ಣ ಹಚ್ಚಿ ನನ್ನ ಬಾಯಿಗೇ ಹಿಡಿಯುತ್ತಿದ್ದರು. ಓದುವ ಮಕ್ಕಳಿಗೆ ಕಳಿಸಿದ ರೊಟ್ಟಿ ಬುತ್ತಿಗಳೆಲ್ಲ ನನ್ನ ಕಾಲಬುಡದಲ್ಲಿ. ‘ಪಲ್ಯ ಚೆಲ್ಲೀತ್ರಿ, ಜ್ವಾಕಿ!’ ಎಂದು ಕಿಟಕಿಯಿಂದ ಕೂಗು. ಎದುರಿಗೆ ಎಮ್ಮೆ, ಚಕ್ಕಡಿ, ರಸ್ತೆಯ ಮೇಲೇ ಹರವಿದ ಜೋಳದ ತೆನೆ. ಇದರ ನಡುವೆ ನಾನು ಇವರ ಮುಖ ನೋಡಿ ಮಾತಾಡಬೇಕಂತೆ! ನಾನು ಆಡುತ್ತಿರಲಿಲ್ಲ. ಸೊಕ್ಕಿನ ಡ್ರೈವರ್ ಅಂತ ಹೆಸರಾಯಿತು.

ಆ ವರ್ಷ ಹೆಂಡತಿ ಹೆರಿಗೆಗೆಂದು ಮುರಗೋಡದ ತವರಿನಲ್ಲಿದ್ದಳು. ನಮ್ಮ ಮೊದಲ ಕೂಸು ಹುಟ್ಟಿದ ದಿನವೇ ಹೋಗಿತ್ತು. ಈ ಸಲ ತಾಯಿಯ ಬಗ್ಗೆಯೂ ಜೋಕೆ ಎಂದು ಡಾಕ್ಟರು ಹೇಳಿದ್ದರು. ದಿನ ಇನ್ನೂ ಇತ್ತು, ರಜೆಯನ್ನು ಮುಂದಿನ ವಾರಕ್ಕೆ ಹಾಕಿದ್ದೆ.

ಒಂದು ಮಧ್ಯಾಹ್ನ ಮುನವಳ್ಳಿ ಬಿಟ್ಟು ಗಾಡಿ ಇನ್ನೇನು ವೇಗ ಹಿಡಿಯಬೇಕು, ಹೆಂಡತಿಯ ತಮ್ಮ ಓಡಿಬಂದು ಹತ್ತಿದ. ಜನರನ್ನು ಸರಿಸಿಕೊಂಡು ಮುಂದೆ ಬಂದು ಬಾನೆಟ್ಟಿಗೆ ಒರಗಿದ. ಅಂಗಿಯೆಲ್ಲ ಬೆವರು.

‘ಮಾಮಾ, ಅಕ್ಕಗ...’

ನನ್ನ ಎದೆ ಧಸಕ್ಕೆಂದಿತು. ಮುಂದೆ ನವಿಲುತೀರ್ಥದ ಗುಡ್ಡ, ತಿರುವು; ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ನಿಲ್ಲಿಸಿ ಕೇಳಬಹುದಿತ್ತು. ಆದರೆ ಕೆಟ್ಟ ಸುದ್ದಿ ಕೇಳಿದ ಮೇಲೆ ಮತ್ತೆ ಗೇರು ಹಾಕುವುದು ನನ್ನಿಂದ ಆಗುತ್ತಿರಲಿಲ್ಲ.

‘ಏ, ಸುಮ್ಮನಿರು! ಸವದತ್ತಿ ಬರೂತನಕ ಒಂದ ಮಾತ ಆಡಬ್ಯಾಡ!’

ಇಡೀ ಬಸ್ಸು ಗಪ್ಪಾಯಿತು. ಅವನು ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿಗೆ ಬಾನೆಟ್ಟಿನ ಮೇಲಿದ್ದ ಮುದುಕಿಯ ಕಿವಿಯಲ್ಲಿ ಏನೋ ಅಂದ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಓರೆಗಣ್ಣಿನಲ್ಲಿ ಅಷ್ಟು ನೋಡಿದೆ, ಸಾಕಾಯಿತು. ಹಿಂದೆ ಗುಸುಗುಸು ಹಬ್ಬಿ ನಿಂತಿತು. ಯಾರಾದರೂ ಹೊಲದ ಜಗಳ ತೆಗೆಯಬಾರದೇ, ಎಲೆ ಮಡಿಚಿ ಕೊಡಬಾರದೇ ಅನ್ನಿಸಿತು.

ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಲ್ಲಿ ಹೇಳಿಕೊಳ್ಳತೊಡಗಿದೆ: ‘ಎಮ್ಮಿ. ಹಾರ್ನ್. ಎರಡನೇ ಗೇರ್.’ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರು ರಸ್ತೆ ತುಂಬ ಬಂತು. ಬ್ರೇಕು ಒತ್ತಿದೆ, ಎಡಕ್ಕೆ ಎಳೆದೆ. ಕಬ್ಬಿನ ಗರಿಗಳು ಕಿಟಕಿಗಳನ್ನು ಕೆರೆದುಕೊಂಡು ಹೋದವು. ಹಿಂದೆ ಒಂದು ಕೂಸು ಚೀರಿತು. ಆ ದನಿಗೆ ನನ್ನ ಕಣ್ಣು ಮಂಜಾಯಿತು. ‘ರಸ್ತಾ ನೋಡಲೇ, ರಸ್ತಾ,’ ಎಂದು ನನಗೆ ನಾನೇ ಬೈದುಕೊಂಡೆ.

ಸವದತ್ತಿ ಸ್ಟ್ಯಾಂಡಿನಲ್ಲಿ ಇಂಜಿನ್ ಬಂದ್ ಮಾಡಿದೆ. ಯಾರೂ ಇಳಿಯಲಿಲ್ಲ.

‘ಈಗ ಹೇಳು.’

ಅವನು ಮುಖ ಊದಿಸಿಕೊಂಡೇ ಹೇಳಿದ: ‘ಹೆಣ್ಣ ಕೂಸು. ಇಬ್ಬರೂ ಆರಾಮ ಅದಾರ.’

‘ಮತ್ತ ಹಂಗ್ಯಾಕ ಕುಂತಿದ್ದಿ?’

‘ಇಷ್ಟು ಮಂದ್ಯಾಗ ಒದರಿದ್ರಿ ಮಾಮಾ. ಕೆಟ್ಟ ಅನ್ನಿಸ್ತು.’

ಮುದುಕಿಯ ಕಡೆ ತಿರುಗಿದೆ. ‘ನೀ ಯಾಕ ಅತ್ತಿ ಯವ್ವಾ?’

‘ಖುಷಿಗೆ ಅತ್ನೋ ಯಪ್ಪಾ! ಹಿಂದ ಕುಂತಾರಿಗೂ ಹೇಳೇನಿ. ನಿನಗಷ್ಟ ಹೇಳೂಹಂಗ ಇರಲಿಲ್ಲ.’

ಬಸ್ಸೆಲ್ಲ ಹೋ ಎಂದು ನಕ್ಕಿತು. ನಾನು ತಂದೆಯಾದದ್ದು ಟಿಕೆಟ್ ತೆಗೆಸಿದವರಿಗೆಲ್ಲ ಗೊತ್ತು, ನನಗೊಬ್ಬನಿಗೇ ಇಲ್ಲ! ಸಿಟ್ಟು ಬಂತು, ನಗು ಬಂತು, ಅಳುವೂ ಬಂತು.

ಸ್ವಲ್ಪ ಹೊತ್ತಿನಲ್ಲೇ ಗಾಡಿ ತಿರುಗಿ ರಾಮದುರ್ಗಕ್ಕೆ ಹೊರಡಬೇಕಿತ್ತು. ಕೆಳಗಿಳಿದು ಸ್ಟ್ಯಾಂಡಿನ ಕಂಟ್ರೋಲರರ ಮೇಜಿನ ಮೇಲೆ ಕೀಲಿ ಇಟ್ಟೆ, ಬೇರೆ ಡ್ರೈವರನನ್ನು ಹಾಕಿರಿ ಎಂದೆ.

‘ಹೆಣ್ಣ ಹುಟ್ಟೇತಂತಲ್ಲಪ್ಪಾ, ಎಲ್ಲಾ ಚಲೋ ಆಗೇತಿ. ಇನ್ನೇನ್ ತೊಂದ್ರಿ?’ ಅವರು ಕೇಳಿದರು.

‘ಅಂಜಿಕಿ ತಡಕೊಂಡು ಇಲ್ಲೀತನಕ ಹೊಡಕೊಂಡ ಬಂದೇನ್ರಿ ಸಾಹೇಬ್ರ,’ ಅಂದೆ. ‘ಇದನ್ನ ತಡಕೊಳ್ಳಾಕ ಆಗವಲ್ದು.’