ಅತ್ತೆಯ ಬಾಯಿ, ನನ್ನ ಬೆರಳು

ಮದುವೆಯಾಗಿ ವಿಜಯನಗರದ ಈ ಮನೆಗೆ ಬಂದ ಎರಡನೇ ವಾರ ನಾನು ಬೇಳೆಸಾರು ಮಾಡಿದ್ದೆ. ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂದು ಸೌಟಿನಿಂದಲೇ ಒಂದು ಗುಟುಕು ಕುಡಿದು, ಅದೇ ಸೌಟನ್ನು ಮತ್ತೆ ಪಾತ್ರೆಗೆ ಇಳಿಸಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ನೋಡಿಬಿಟ್ಟರು. ಪಾತ್ರೆಯನ್ನು ಬಟ್ಟೆಯಿಂದ ಹಿಡಿದು ಒಯ್ದು, ಅಷ್ಟೂ ಸಾರನ್ನು ಬಚ್ಚಲಿಗೆ ಚೆಲ್ಲಿ ಬಂದರು. "ಎಂಜಲು ಮಾಡಿದ್ದನ್ನ ಈ ಮನೇಲಿ ಯಾರೂ ತಿನ್ನಲ್ಲ," ಎಂದರು. ಆ ದಿನ ಎಲ್ಲರೂ ಮೊಸರನ್ನ ತಿಂದು ಎದ್ದರು. ಮೂವತ್ತೊಂದು ವರ್ಷವಾಯಿತು, ಆ ಒಗ್ಗರಣೆಯ ಘಮ ಇನ್ನೂ ನನ್ನ ಮೂಗಿನಲ್ಲಿದೆ. ನಾನು ಅಷ್ಟು ಸುಲಭಕ್ಕೆ ಮರೆಯುವವಳಲ್ಲ.

ಅತ್ತೆ ತುಮಕೂರಿನ ಕಡೆಯವರು. ಲಿಂಗಪೂಜೆ, ವಿಭೂತಿ, ಊಟದ ಹೊತ್ತು ಎಲ್ಲವೂ ಅಚ್ಚುಕಟ್ಟು. ನಾಲಿಗೆಯಂತೂ ಇನ್ನೂ ಅಚ್ಚುಕಟ್ಟು, ಯಾರನ್ನೂ ಬಿಡುತ್ತಿರಲಿಲ್ಲ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವವರು. ಮನೆಯಲ್ಲಿ ಎಲ್ಲರೂ ಬ್ರಷ್ ಹಿಡಿದರೂ ಅವರು ಮಾತ್ರ ಹಲ್ಲುಪುಡಿ ಮತ್ತು ತೋರುಬೆರಳು ಬಿಡಲಿಲ್ಲ. "ನಿನ್ನೆ ಬಾಯಲ್ಲಿಟ್ಟಿದ್ದನ್ನೇ ಇವತ್ತೂ ಬಾಯಿಗಿಡ್ತೀರಲ್ಲೇ, ಅದು ಎಂಜಲಲ್ವಾ?" ಎಂದು ಕೇಳುತ್ತಿದ್ದರು.

ಇಂಥ ಅತ್ತೆ ಹೋದ ವರ್ಷ ಮಾತು ಕಡಿಮೆ ಮಾಡಿದರು. ನಾನು ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತು ವರ್ಷ ಚೆಕಿಂಗ್ ವಿಭಾಗದಲ್ಲಿದ್ದವಳು. ಶರ್ಟನ್ನು ಒಳಮಗ್ಗುಲಿಗೆ ತಿರುಗಿಸಿ ಬಿಟ್ಟ ಹೊಲಿಗೆ ಹುಡುಕುವುದೇ ನನ್ನ ಕೆಲಸವಾಗಿತ್ತು. ಆದರೂ ಮನೆಯಲ್ಲಿ ಆಗುತ್ತಿದ್ದುದು ನನ್ನ ಕಣ್ಣಿಗೆ ಬೀಳಲಿಲ್ಲ. ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ಸುಖವೇ ಆಯಿತು. ಸಾರಿಗೆ ಹುಳಿ ಹೆಚ್ಚಾಯಿತು ಎಂಬ ಮಾತಿಲ್ಲ, ಪಕ್ಕದ ಮನೆಯವರ ಸೊಸೆಯ ಗುಣಗಾನವಿಲ್ಲ. ಅಂತೂ ಮನೆ ತಣ್ಣಗಾಯಿತು ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ನಾಚಿಕೆಪಟ್ಟಿದ್ದೇನೆ.

ಊಟವೂ ಕಡಿಮೆಯಾಯಿತು. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದರು, ತುತ್ತನ್ನು ಒಂದೇ ದವಡೆಯಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ವಯಸ್ಸಾಯಿತಲ್ಲ ಎಂದು ನಾನು ಎಲ್ಲವನ್ನೂ ಮಿಕ್ಸಿಗೆ ಹಾಕತೊಡಗಿದೆ. ಅನ್ನ ನುಣ್ಣಗೆ, ಪಲ್ಯ ನುಣ್ಣಗೆ, ಬೆಳಿಗ್ಗೆ ಸಂಜೆ ಸಕ್ಕರೆ ಹಾಕಿದ ಹಾಲಿನಲ್ಲಿ ನೆನೆಸಿದ ಬನ್ನು. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂದು ಒಳಗೊಳಗೇ ಜಂಬವೂ ಇತ್ತು. "ಹಲ್ಲುಜ್ಜಿದ್ರಾ ಅತ್ತೆ?" ಎಂದು ದಿನಾ ಕೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ಹಲ್ಲುಪುಡಿಯ ಡಬ್ಬಿ ಎರಡು ತಿಂಗಳಾದರೂ ಖಾಲಿಯಾಗಿಲ್ಲ ಎಂಬುದನ್ನು ನಾನು ಗಮನಿಸಲಿಲ್ಲ.

ಆಮೇಲೆ ಮರೆವು ಶುರುವಾಯಿತು. ಪೂಜೆ ಮುಗಿಸಿ ಮತ್ತೆ ಪೂಜೆಗೆ ಕೂತರು. ನನ್ನ ಮಗಳನ್ನು ನಾದಿನಿಯ ಹೆಸರಿನಿಂದ ಕರೆದರು. ಒಂದು ಬೆಳಿಗ್ಗೆ ಹೂವು ತರಲು ಮಾರ್ಕೆಟ್ ಬೀದಿಗೆ ಹೋದವರು ಮೆಟ್ರೋ ಮೆಟ್ಟಿಲ ಕೆಳಗೆ ನಿಂತೇಬಿಟ್ಟರು, ಯಾವ ಕಡೆ ತಿರುಗಬೇಕೆಂದು ತಿಳಿಯದೆ. ನಲವತ್ತು ವರ್ಷ ನಡೆದ ದಾರಿ ಅದು. ಅವರಿಗೆ ದಿನಾ ಮಲ್ಲಿಗೆ ಕೊಡುತ್ತಿದ್ದ ಹೂವಿನಾಕೆ ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ, ಕೈಹಿಡಿದು ಮನೆತನಕ ಕರೆತಂದಳು. "ಅಜ್ಜಿ ಹುಷಾರಿಲ್ಲ ಕಣಕ್ಕ, ಒಬ್ರನ್ನೇ ಬಿಡಬೇಡಿ," ಎಂದಳು. ಒಂದು ಲೋಟ ನೀರು ಕುಡಿದು ಹೋದಳು. ಆಕೆಯ ಋಣ ನನ್ನ ಮೇಲಿದೆ.

ಆ ಸಂಜೆಯೇ ನಾದಿನಿಯ ಫೋನು ಬಂತು. ಕೆಂಗೇರಿಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯೊಂದಿದೆಯಂತೆ, ಡಾಕ್ಟರ ಚೀಟಿ ಇದ್ದರೆ ಸೇರಿಸಿಕೊಳ್ಳುತ್ತಾರಂತೆ. ಅವಳದು ಕೆಟ್ಟ ಮನಸ್ಸಲ್ಲ, ಹೆದರಿದ್ದಳು ಅಷ್ಟೆ. ಯಜಮಾನರು ಫೋನಿಟ್ಟು ನನ್ನ ಮುಖ ನೋಡಿದರು. "ನೀನೇನಂತೀಯೇ?" ಎಂದರು. ನಾನು ಒಳಕೋಣೆಯ ಕಡೆ ನೋಡಿದೆ. ಅಲ್ಲಿಂದ ಅತ್ತೆಯ ಒಂದು ಬೈಗುಳವೂ ಕೇಳಿಸಲಿಲ್ಲ. ಅವರ ಗದರಿಕೆ ಈ ಮನೆಯ ಗೋಡೆಗಳಲ್ಲಿ ಎಷ್ಟು ತುಂಬಿಕೊಂಡಿತ್ತು ಎಂಬುದು ಆಗ ತಿಳಿಯಿತು. ಇವರು ಇಲ್ಲದ ಮನೆ ನನಗೆ ಬೇಡ ಎಂದು ಅನ್ನಿಸಿದ್ದು ಅದೇ ಮೊದಲು.

ಚೀಟಿಗಾಗಿಯೇ ಮರೆವಿನ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ನನ್ನ ಮಗಳ ವಯಸ್ಸಿನವರು. ಇವತ್ತು ಯಾವ ವಾರ, ಇದು ಯಾವ ಊರು, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದೆಲ್ಲ ಕೇಳಿದರು. ಅತ್ತೆ ಒಂದಕ್ಕೂ ಬಾಯಿ ಬಿಡಲಿಲ್ಲ. ಪ್ರಶ್ನೆ ಕೇಳಿದ್ದು ನನ್ನನ್ನೇ ಎಂಬಂತೆ ಉತ್ತರ ನಾಲಿಗೆಯ ತುದಿಗೆ ಬರುತ್ತಿತ್ತು. ಡಾಕ್ಟರು ಕಾಗದ ಬದಿಗಿಟ್ಟು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಅತ್ತೆಯ ಬಲಗೆನ್ನೆಯನ್ನು ಮೆಲ್ಲಗೆ ಮುಟ್ಟಿದರು. ಅತ್ತೆ ಮುಖ ಹಿಂಡಿದರು.

"ಅಜ್ಜಿ, ಬಾಯಿ ಒಂದ್ಸಲ ತೋರಿಸ್ತೀರಾ?"

ಬಹಳ ಹೊತ್ತು ಬೇಡಿಕೊಂಡ ಮೇಲೆ ತೆರೆದರು. ಡಾಕ್ಟರು ನನಗೂ ಟಾರ್ಚು ಹಿಡಿದು ತೋರಿಸಿದರು. ವಸಡು ಕೆಂಪಗೆ ಊದಿತ್ತು, ಮೇಲಿನ ಮೂರು ಹಲ್ಲು ಅಲ್ಲಾಡುತ್ತಿದ್ದವು, ಒಂದರ ಬುಡದಲ್ಲಿ ಕೀವಿತ್ತು. ಒಂದು ಹಲ್ಲಿನ ಸಂದಿಯಲ್ಲಿ ಲವಂಗ ಸಿಕ್ಕಿಸಿಕೊಂಡಿದ್ದರು. ಎಷ್ಟು ತಿಂಗಳಿಂದ ಒಬ್ಬರೇ ಅನುಭವಿಸಿದ್ದರೋ. ನಾನು ಅಲ್ಲೇ ಅತ್ತುಬಿಟ್ಟೆ.

"ಚೀಟಿ ಆಮೇಲೆ ನೋಡೋಣ ಆಂಟಿ," ಎಂದರು ಡಾಕ್ಟರು. "ನೋವು, ಸೋಂಕು, ಸರಿಯಾಗಿ ಊಟ ಇಲ್ಲ, ನಿದ್ದೆ ಇಲ್ಲ. ವಯಸ್ಸಾದವರ ತಲೆ ಮಂಕಾಗೋಕೆ ಇಷ್ಟೇ ಸಾಕು."

"ಹಂಗಾದ್ರೆ ಹಲ್ಲು ಸರಿ ಹೋದ್ರೆ ಮರೆವೂ ಹೋಗುತ್ತಾ ಡಾಕ್ಟ್ರೇ?"

"ಹಾಗಂತ ಮಾತು ಕೊಡೋಕಾಗಲ್ಲ. ವಸಡು ಕೆಟ್ಟವರಲ್ಲಿ ಮರೆವು ಜಾಸ್ತಿ ಕಾಣ್ಸುತ್ತೆ ನಿಜ. ಆದ್ರೆ ವಸಡಿಂದ ಮರೆವು ಬಂತಾ, ಇಲ್ಲಾ ಮರೆವಿಂದ ಹಲ್ಲುಜ್ಜೋದು ಬಿಟ್ಟು ವಸಡು ಕೆಡ್ತಾ, ಪೂರ್ತಿ ಗೊತ್ತಿಲ್ಲ. ಎರಡೂ ಇರಬಹುದು. ಮೊದಲು ಬಾಯಿ ಸರಿ ಮಾಡ್ಸಿ, ಮೂರು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಆ ಹುಡುಗಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಕೆಂಗೇರಿಯ ವಿಷಯ ಮೂರು ತಿಂಗಳು ಮುಂದೆ ಹೋಯಿತು.

ಬಾಪೂಜಿ ನಗರದ ದಂತವೈದ್ಯರ ಕುರ್ಚಿಯ ಮೇಲೆ ಕೂತಾಗ ಅತ್ತೆ ಮುಚ್ಚಿಟ್ಟಿದ್ದ ಕಾರಣ ಹೊರಬಿತ್ತು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂದು ಅವರ ತಾಯಿ ಹೇಳಿದ್ದರಂತೆ. ಹಿಂದಿನ ವರ್ಷವಷ್ಟೇ ಕಣ್ಣಿನ ಪೊರೆ ತೆಗೆಸಿ ದೃಷ್ಟಿ ಮರಳಿತ್ತು, ಅದನ್ನು ಕಳೆದುಕೊಳ್ಳುವುದಕ್ಕಿಂತ ನೋವೇ ವಾಸಿ ಎಂದು ಹಲ್ಲು ಕಚ್ಚಿಕೊಂಡು, ಕಚ್ಚಲಾಗದೆಯೂ, ಕೂತಿದ್ದರು. ದಂತವೈದ್ಯರು ನಗಲಿಲ್ಲ. ಗೋಡೆಯ ಕ್ಯಾಲೆಂಡರ್ ತೋರಿಸಿ, "ಓದಿ ತಾಯಿ," ಎಂದರು. ಅತ್ತೆ ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ತೊದಲುತ್ತಾ ಓದಿದರು. ಚುಚ್ಚುಮದ್ದು ಕೊಟ್ಟು ಒಂದು ಹಲ್ಲು ಕಿತ್ತು, ಹತ್ತಿ ಕಚ್ಚಿಸಿ, ಸ್ವಲ್ಪ ಹೊತ್ತು ಬಿಟ್ಟು ಅದೇ ಕ್ಯಾಲೆಂಡರ್ ತೋರಿಸಿ ಬೆರಳಿಟ್ಟಲ್ಲೆಲ್ಲ ಅಕ್ಷರ ಕಾಣಿಸಿದರೆ ತಲೆಯಾಡಿಸಲು ಹೇಳಿದರು. ಅತ್ತೆ ಒಂದೊಂದಕ್ಕೂ ತಲೆಯಾಡಿಸಿದರು. ಉಳಿದ ಎರಡು ಹಲ್ಲು ಕೀಳಿಸಲು ಯಾವ ದಿನ ಬರಲಿ ಎಂದು ಅತ್ತೆ ತಾವೇ ಕೇಳಿದರು.

ಕಷ್ಟವಾದದ್ದು ಉಜ್ಜುವ ಕೆಲಸ. ನಾನು ತಂದ ಬ್ರಷ್ಷನ್ನು ಅತ್ತೆ ಕಿಟಕಿಯಿಂದ ಎಸೆದರು. ಕೊನೆಗೆ ದಂತವೈದ್ಯರು, ಶುದ್ಧವಾದ ಬಟ್ಟೆ ಬೆರಳಿಗೆ ಸುತ್ತಿ ನೀವೇ ವಸಡು ಹಲ್ಲು ಒರೆಸಿದರೆ ಸದ್ಯಕ್ಕೆ ಸಾಕು, ಬ್ರಷ್ಷು ನಿಧಾನಕ್ಕೆ ಬರಲಿ ಎಂದರು. ಹಳೆಯ ಬಿಳಿ ಪಂಚೆಯನ್ನು ಚೂರು ಚೂರು ಹರಿದು, ಕುದಿಸಿ ಒಣಗಿಸಿಟ್ಟೆ. ಅತ್ತೆ ತುಟಿ ಬಿಗಿದರು. ಆಗ ನನಗೆ ಚಿಕ್ಕಂದಿನ ಕಾಗೆ ಎಂಜಲು ನೆನಪಾಯಿತು. ಪೆಪ್ಪರ್‌ಮೆಂಟನ್ನು ಲಂಗದ ತುದಿಯಲ್ಲಿ ಸುತ್ತಿ ಕಚ್ಚಿ ಇಬ್ಬರು ಹಂಚಿಕೊಂಡರೆ ಅದು ಎಂಜಲಲ್ಲ, ಮಧ್ಯೆ ಬಟ್ಟೆಯಿದೆಯಲ್ಲ. "ಇದು ಕಾಗೆ ಎಂಜಲು ಅತ್ತೆ. ಬಟ್ಟೆ ದಿನಾ ಹೊಸದು. ಲೆಕ್ಕಕ್ಕೇ ಬರಲ್ಲ," ಎಂದೆ. ಅವರು ನನ್ನನ್ನು ದಿಟ್ಟಿಸಿದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಸಣ್ಣ ನಗು ಕಂಡಿತು. ಬಾಯಿ ತೆರೆದರು.

ಅಂದಿನಿಂದ ದಿನಾ ಬೆಳಿಗ್ಗೆ ಪೂಜೆಗೆ ಮುಂಚೆ, ಮತ್ತೆ ಊಟವಾದ ಮೇಲೆ, ನನ್ನ ಬೆರಳು ಅವರ ಬಾಯೊಳಗೆ. ಎರಡು ಸಲ ಕಚ್ಚಿದ್ದಾರೆ, ಬೇಕೆಂದೇ ಎಂಬುದು ನನ್ನ ಗುಮಾನಿ. ಮಿಕ್ಸಿ ಸದ್ದು ನಿಂತಿತು, ಹಾಲಿನ ಬನ್ನು ನಿಂತಿತು. ವಸಡು ಮಾಗಿದ ಮೇಲೆ ಹಲ್ಲಿನ ಸೆಟ್ಟು ಬಂತು. ಒಂದು ದಿನ ಒಳಕೋಣೆಯಿಂದ, "ಸಾರಿಗೆ ಹುಳಿ ಬಿದ್ದಿದೆಯೋ, ಹುಳಿಗೇ ಸಾರು ಬಿದ್ದಿದೆಯೋ?" ಎಂಬ ಮಾತು ಕೇಳಿತು. ಯಜಮಾನರು ತಟ್ಟೆ ಬಿಟ್ಟು ನನ್ನನ್ನು ನೋಡಿದರು, ನಾವಿಬ್ಬರೂ ನಕ್ಕೆವು.

ಮೂರು ತಿಂಗಳ ಮೇಲೆ ಕ್ಲಿನಿಕ್ಕಿನಲ್ಲಿ ಅತ್ತೆ ವಾರ, ಊರು ಎಲ್ಲ ಹೇಳಿದರು. ಏಳೇಳು ಕಳೆಯುವುದರಲ್ಲಿ ಎರಡು ಕಡೆ ಮುಗ್ಗರಿಸಿದರು. ನಾನೂ ಮನಸ್ಸಿನಲ್ಲಿ ಲೆಕ್ಕ ಹಾಕಿ ಒಂದು ಕಡೆ ತಪ್ಪಿದ್ದೆ. ಸ್ವಲ್ಪ ಮರೆವು ಇದೆ, ನೋಡುತ್ತಿರಬೇಕು ಎಂದರು ಡಾಕ್ಟರು. ಇದೆ, ನಿಜ. ಹಾಲು ಬಂತಾ ಎಂದು ಈಗಲೂ ಬೆಳಿಗ್ಗೆ ಮೂರು ಸಲ ಕೇಳುತ್ತಾರೆ. ಮುಂದೆ ಹೆಚ್ಚಾಗಲೂಬಹುದು. ಆದರೆ ಕೆಂಗೇರಿಯ ಮಾತನ್ನು ನಾದಿನಿ ಮತ್ತೆ ಎತ್ತಲಿಲ್ಲ.

ಹೋದ ಭಾನುವಾರ ಕೋಡುಬಳೆ ಕರಿಯುತ್ತಿದ್ದೆ. ಗಟ್ಟಿಯಾದದ್ದು ಕೊಡಬೇಡಿ ಎಂದು ದಂತವೈದ್ಯರು ಹೇಳಿದ್ದು ಅತ್ತೆಗೂ ಗೊತ್ತು, ನನಗೂ ಗೊತ್ತು. ನಾನು ತಿರುಗಿ ನೋಡುವಷ್ಟರಲ್ಲಿ ಒಂದನ್ನು ಎತ್ತಿಕೊಂಡು ಎಡಗಡೆಯ ಸ್ವಂತ ಹಲ್ಲಿನಲ್ಲಿ ಕಟುಂ ಎನ್ನಿಸಿಬಿಟ್ಟರು. ನಿಧಾನವಾಗಿ ಅಗಿದರು. ಕಚ್ಚಿ ಉಳಿದ ಅರ್ಧವನ್ನು ನನ್ನ ಮುಂದೆ ಹಿಡಿದು, "ಉಪ್ಪು ಸಾಲದು, ನೋಡು," ಎಂದರು.

ನನ್ನ ಕೈ ತಾನಾಗಿ ಸೆರಗಿನ ತುದಿಗೆ ಹೋಯಿತು. ಎಂಜಲಿನ ನಿಯಮವೇ ಮರೆತುಹೋಯಿತೇ ಇವರಿಗೆ ಎಂದು ಹೆದರಿದೆ.

"ಬಟ್ಟೆ ಬೇಡ ಕಣೇ, ಹಂಗೇ ತಿನ್ನು," ಎಂದರು ಅತ್ತೆ. ಆಮೇಲೆ ಒಲೆಯ ಕಡೆ ನೋಡುತ್ತಾ, "ಅವತ್ತು ಆ ಸಾರು ಚೆಲ್ಲಬಾರದಿತ್ತು ನಾನು," ಎಂದರು.