ಕೊಬ್ಬಿನುಂಡೆಯ ಮೇಲೆ ಕಾಗೆಗಳ ಕಣ್ಣು

ಸ್ನೇಹಿತರೇ, ಪಿಕಳಾರ ಹಕ್ಕಿಗಳು ತಿನ್ನಲಿ ಎಂದು ಸೀಬೆಮರಕ್ಕೆ ಕೊಬ್ಬು, ಕಾಳು ಕಲಸಿದ ಉಂಡೆಯೊಂದನ್ನು ಕಟ್ಟಿದ್ದೆ. ಬಂದದ್ದು ಮಾತ್ರ ಮಂಡ್ಯದ ಕಾಗೆಗಳೆಲ್ಲ. ಇಂದು ಪಿತೃಪಕ್ಷದ ಅಮಾವಾಸ್ಯೆ. ಪಕ್ಕದ ಮನೆಯ ಚಂದ್ರಣ್ಣ ತೀರಿಕೊಂಡ ತಂದೆಗೆ ಮಹಡಿಯ ಮೇಲೆ ಎಡೆ ಇಟ್ಟು ಕಾಯುತ್ತಿದ್ದ. ಕಾಗೆ ಮುಟ್ಟುವವರೆಗೆ ಮನೆಯವರು ಉಣ್ಣುವಂತಿಲ್ಲ.

"ಮೇಷ್ಟ್ರೇ, ಉಂಡೆ ಬಿಚ್ಚಿ! ನಮ್ಮಪ್ಪ ನಿಮ್ಮ ಮರದಲ್ಲಿ ಕೂತವ್ನೆ. ಇಲ್ಲಿ ಮಟನ್ ಸಾರು ಆರೋಯ್ತಾ ಅದೆ."

"ಹಕ್ಕಿಯ ಬಾಯಿಂದ ಕಿತ್ತುಕೊಳ್ಳಬೇಕೇ? ಇದ್ಯಾವ ನ್ಯಾಯ?" ಎಂದು ರೇಗಿದೆ.

ಅವನ ತಾಯಿ ಬಂದರು. "ಜಗಳ ಯಾಕಪ್ಪ? ಆ ಉಂಡೇನೇ ಎಡೆಗಿಕ್ಕುದ್ರಾಯ್ತು ಬುಡು" ಎಂದು ಬಿಚ್ಚಿಸಿಕೊಂಡು ಹೋದರು. ಕಾಗೆಗಳು ಹಿಂದೆಯೇ ಹಾರಿದವು. ಎಲ್ಲರೂ ಉಂಡರು.

ಅವರ ಯಜಮಾನರು ಬದುಕಿದ್ದಾಗಲೂ ಮನೆಯ ಸಾರು ಬಿಟ್ಟು ನಮ್ಮ ಮನೆಯ ಉಪ್ಪಿಟ್ಟಿಗೇ ಬರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಹಬ್ಬದ ದಿನ ಅದನ್ನೆಲ್ಲ ಹೇಳಬಾರದೆಂದು ಸುಮ್ಮನಿದ್ದೇನೆ.