ಹೊರೆಗಾಗಿ ಕಾಯುತ್ತಿದ್ದ ಕತ್ತೆ

ಆ ಕತ್ತೆ ನಮ್ಮ ಮನೆಗೆ ಬಂದದ್ದು ೨೦೦೨ರ ಮಾರ್ಚ್‌ನಲ್ಲಿ, ಒಂದು ಭಾನುವಾರ. ಹೂಟಗಳ್ಳಿಯಲ್ಲಿ ನಮ್ಮ ಮನೆಯ ಹಿಂದಿದ್ದ ಇಟ್ಟಿಗೆ ಗೂಡನ್ನು ಮುಚ್ಚಿ ಸೈಟು ಮಾಡುತ್ತಿದ್ದರು. ಗೂಡಿನವರು ಗಟ್ಟಿಮುಟ್ಟಾದ ಕತ್ತೆಗಳನ್ನು ಲಾರಿಗೆ ಹತ್ತಿಸಿಕೊಂಡು ಹೋಗಿ, ಮುದಿಯಾದ ಇದೊಂದನ್ನು ಬಿಟ್ಟಿದ್ದರು. ಫ್ಯಾಕ್ಟರಿಗೆ ಹೋಗಿಬರುವಾಗ ದಿನಾ ಅದನ್ನು ನೋಡುತ್ತಿದ್ದ ಅಪ್ಪ ಕೊನೆಗೊಮ್ಮೆ ಹಗ್ಗ ಹಾಕಿ ಕರೆತಂದರು. ಹಸು ಮಾರಿದ ಮೇಲೆ ನಮ್ಮ ಕೊಟ್ಟಿಗೆ ಖಾಲಿಯಿತ್ತು.

ಅದರ ಬೆನ್ನ ಮೇಲೆ ಅಂಗೈಯಗಲದ ಹುಣ್ಣು. ದನದ ಡಾಕ್ಟರು ಮುಲಾಮು ಕೊಟ್ಟು, "ವಾಸಿಯಾಗೋವರೆಗೂ ಬೆನ್ನಿಗೆ ಏನೂ ತಾಗಬಾರದು. ಹೊಟ್ಟೆ ಖಾಲಿ ಬಿಡಬೇಡಿ, ಈ ವಯಸ್ಸಲ್ಲಿ ಮೇವು ಬಿಟ್ಟರೆ ಉಳಿಯೋದು ಕಷ್ಟ" ಎಂದರು.

ಅಮ್ಮನಿಗೆ ಗೊತ್ತಿದ್ದದ್ದು ಹಸು ಸಾಕುವುದು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆಯ ಕಲಗಚ್ಚಿಗೆ ಬೂಸಾ ಕಲಸಿ ಮುಂದಿಟ್ಟಳು. ಕತ್ತೆ ಮೂಸಿ ಮುಖ ತಿರುಗಿಸಿತು. ನಾನು ಬಾನಿ ತೊಳೆದು ಬರಿಯ ನೀರಿಟ್ಟಾಗ ಕುಡಿಯಿತು. ದಿನಚರಿ ಬರೆಯುವ ಚಟದವನು ನಾನು, ಆ ವಾರದ ಪುಟಗಳಲ್ಲೆಲ್ಲ "ನೀರು: ಕುಡಿಯಿತು. ಹುಲ್ಲು: ಇಲ್ಲ" ಎಂದೇ ಇದೆ.

ಬೆಳಕು ಹರಿಯುವ ಮುಂಚೆಯೇ ಅದು ಗೇಟಿನ ಬಳಿ ಹೋಗಿ, ತಲೆ ತಗ್ಗಿಸಿ ನಿಂತುಬಿಡುತ್ತಿತ್ತು. ಬಿಸಿಲೇರಿದರೂ ಕದಲುತ್ತಿರಲಿಲ್ಲ.

"ಏನ್ ಸ್ವಾಮಿ, ಸ್ಕೂಟರ್ ತಗೋತೀನಿ ಅಂದೋರು ಇದನ್ನ ತಂದ್ಬುಟ್ರಾ?" ಎಂದರು ಎದುರುಮನೆಯವರು.

"ಇದಕ್ಕೆ ಪೆಟ್ರೋಲ್ ಬೇಡ ಕಣ್ರೀ" ಎಂದರು ಅಪ್ಪ.

"ಹುಲ್ಲೂ ಬೇಡ" ಎಂದಳು ಅಮ್ಮ.

ಗೂಡಿನಲ್ಲಿ ಬೆಳಗಿನ ಇಟ್ಟಿಗೆ ಹೊತ್ತು ಮುಗಿದ ಮೇಲಷ್ಟೇ ಮೇವು ಹಾಕುವುದನ್ನು ಅಪ್ಪ ನೋಡಿದ್ದರು. "ಹೊರೆ ಹೇರ್ತಾರೆ ಅಂತ ಕಾಯ್ತಾ ಇದೆ ಕಣೋ" ಎಂದು ನನಗೆ ಹೇಳಿದರು.

"ಹಂಗಾದ್ರೆ ಒಂದು ಖಾಲಿ ಗೋಣಿಚೀಲ ಹಾಕಿ ನೋಡೋಣ" ಎಂದಳು ಅಮ್ಮ.

"ಡಾಕ್ಟ್ರು ಏನಂದ್ರು, ಮರ್ತ್ಬುಟ್ಯಾ?"

"ಹೊಟ್ಟೆ ಖಾಲಿ ಬಿಡಬೇಡಿ ಅಂತ್ಲೂ ಅಂದ್ರು ಕಣ್ರೀ."

ಗೋಣಿ ಹುಣ್ಣಿಗೆ ಒರಟಾದೀತೆಂದು ಮೊದಲು ಹಳೆಯ ಸೀರೆ ಮಡಿಸಿ ಹಾಕಿದೆವು. ಕಿವಿಯೂ ಅಲ್ಲಾಡಲಿಲ್ಲ. ಗೋಣಿ ಹಾಕಿದ್ದೇ ತಡ, ನಡೆಯತೊಡಗಿತು. ಅಂಗಳ ಸುತ್ತಿ ಬಂದು ಕೊಟ್ಟಿಗೆಯ ಮುಂದೆ ನಿಂತಿತು. ನಾನು ಗೋಣಿ ತೆಗೆದೆ. ಅದು ಒಳಗೆ ಹೋಗಿ, ನಮ್ಮತ್ತ ನೋಡದೆ ಹುಲ್ಲು ತಿನ್ನತೊಡಗಿತು. ಅಮ್ಮ ನಕ್ಕಳು. ನನ್ನ ಕೈಯಲ್ಲಿದ್ದ ಗೋಣಿಗೆ ಹುಣ್ಣಿನ ಹಕ್ಕಳೆ ಅಂಟಿಕೊಂಡಿತ್ತು.

ಡಾಕ್ಟರನ್ನು ಮತ್ತೆ ಕೇಳಿದೆ. "ಹುಣ್ಣೂ ಮಾಯಬೇಕು, ಅದು ತಿನ್ನಲೂಬೇಕು. ನಾನೇನಪ್ಪ ಹೇಳಲಿ?" ಎಂದರು.

ಮರುದಿನ ಬೆಳಿಗ್ಗೆ ಕತ್ತೆ ಮತ್ತೆ ಗೇಟಿನ ಬಳಿಯಿತ್ತು. "ಇವತ್ತೊಂದಿನ ಬುಡಿ, ಹಸಿವಾದ್ರೆ ತಾನೇ ಬರುತ್ತೆ" ಎಂದರು ಅಪ್ಪ. ಮಧ್ಯಾಹ್ನವಾದರೂ ಬರಲಿಲ್ಲ. ಬಾಯಿಗೆ ಹಿಡಿದ ಹುಲ್ಲು ಕೆಳಗೆ ಬಿತ್ತು. ನಾನು ಹಸಿಯಾದ ಹುಣ್ಣಿಗೆ ಮುಲಾಮು ಹಚ್ಚುತ್ತಿದ್ದೆ. ಅಮ್ಮ ಎದ್ದು, ಗೋಣಿಚೀಲವನ್ನು ನೀರಿನಲ್ಲಿ ನೆನೆಸಿ, ಮೆತ್ತಗಾಗಲೆಂದು ಒಗೆಯುವ ಕಲ್ಲಿಗೆ ಬಡಿಯತೊಡಗಿದಳು.